ಗೋಡೆಯ ಮೇಲಿನ ಕಾಂತಕ್ಕ

ಬ್ಯಾಂಕಿನ ಕೆಲಸ ಸಿಕ್ಕು ನಾಗಪುರ ಸೇರಿದ ನನ್ನ ಅಣ್ಣನ ಮಗಳು ಮೇಘನಾ ಈ ಚಳಿಗಾಲದಲ್ಲಿ ಹಟ ಮಾಡಿ ನನ್ನನ್ನು ಕರೆಸಿಕೊಂಡಳು. "ಅತ್ತಿ, ನೀವಿದ್ದಾಗಿನ ನಾಗಪುರ ಅಲ್ಲ ಇದು. ಬರ್ರಿ, ನಾ ತೋರಸ್ತೀನಿ," ಎಂದು ಫೋನಿನಲ್ಲೇ ಕುಣಿದಾಡಿದ್ದಳು. ಬಂದ ಮರುದಿನ ರಾಮದಾಸಪೇಠಿನ ಒಂದು ಕೆಫೆಗೆ ಕರೆದೊಯ್ದಳು. ಗಾಜಿನ ಬಾಗಿಲು, ಒಳಗೆ ತಣ್ಣನೆಯ ಗಾಳಿ, ಅಂದಕ್ಕೆಂದು ಗೋಡೆಗೆ ಆನಿಸಿಟ್ಟ ತುಕ್ಕು ಹಿಡಿದ ಸೈಕಲ್ಲು. ಕಪ್ಪು ಪಿಂಗಾಣಿ ಬಟ್ಟಲಲ್ಲಿ ತರ್ರಿ ಪೋಹೆ ಬಂತು. ನಮ್ಮ ಒಗ್ಗರಣೆ ಅವಲಕ್ಕಿಯೇ, ಆದರೆ ಮೇಲೆ ಕರಿ ಕಡಲೆಯ ಕೆಂಪು ಸಾರು, ಅದರ ಮೇಲೆ ತೇಲುವ ಎಣ್ಣೆ. ಹುರಿದ ಒಣ ಕೊಬ್ಬರಿ, ಸುಟ್ಟ ಈರುಳ್ಳಿ, ಮೆಣಸಿನಕಾಯಿಯ ಆ ವಾಸನೆ ಮೂಗಿಗೆ ಬಡಿದದ್ದೇ ನನ್ನ ಕೈ ನಿಂತುಹೋಯಿತು.

"ಯಾಕ ಅತ್ತಿ, ಭಾಳ ಖಾರ ಅನಸ್ತೇನು?"

"ಇಲ್ಲವ್ವ. ನೀ ತಿನ್ನು."

ಅವಳಿಗೆ ಹೇಳಲು ಹೊರಟಿದ್ದರೆ ಒಂದು ಇಡೀ ವರ್ಷ ಹೇಳಬೇಕಾಗುತ್ತಿತ್ತು.

ಆ ವರ್ಷ ನಾವು ಸೆಮಿನರಿ ಹಿಲ್ಸಿನ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ನನ್ನ ಗಂಡ ಬಸವರಾಜ ಕೇಂದ್ರ ಸರ್ಕಾರದ ಲೆಕ್ಕಪತ್ರ ಕಚೇರಿಯಲ್ಲಿ ನೌಕರ. ಗದಗಿನಿಂದ ಹೊರಟವರು ಊರೂರು ಸುತ್ತಿ ಅಲ್ಲಿಗೆ ಬಂದಿದ್ದೆವು. ನಾನು ಒಂದು ಖಾಸಗಿ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದೆ. ಮಾರ್ಚಿನಲ್ಲಿ ಮುಖ್ಯೋಪಾಧ್ಯಾಯಿನಿ ಕರೆದು, ಮುಂದಿನ ವರ್ಷದಿಂದ ಚಿತ್ರಕಲೆಯ ಪೀರಿಯಡ್ಡನ್ನು ಪ್ರವೇಶ ಪರೀಕ್ಷೆಯ ತಯಾರಿಗೆ ಕೊಡುತ್ತೇವೆ ಎಂದರು. ಇಷ್ಟು ವರ್ಷ ಮಕ್ಕಳ ಕೈಗೆ ಬಣ್ಣ ಹಿಡಿಸಿದ್ದಕ್ಕೆ ಒಂದು ತೆಂಗಿನಕಾಯಿ, ಒಂದು ಶಾಲು. ಆ ಶಾಲನ್ನು ನಾನು ಕೂಲರಿನ ಮೇಲೆ ಧೂಳು ಕೂರದಂತೆ ಹೊದಿಸಿದೆ.

ಅದೇ ಹೊತ್ತಿಗೆ ಮೆಟ್ರೋ ನಿಲ್ದಾಣಗಳ ಗೋಡೆಗೆ ಚಿತ್ರ ಬರೆಯುವವರು ಬೇಕಾಗಿದ್ದಾರೆಂದು ಸುದ್ದಿ ಬಂತು. ಕೆಲಸ ಹಿಡಿದಿದ್ದ ಗುತ್ತಿಗೆದಾರರ ಕಡೆಯಿಂದ ಗಾವಂಡೆ ಎಂಬ ಮೇಲ್ವಿಚಾರಕರು ನನ್ನ ಹಳೆಯ ಚಿತ್ರಗಳನ್ನು ತಿರುವಿಹಾಕಿ, ರಾಮದಾಸಪೇಠಿನ ಆಚೆಯ ಒಂದು ನಿಲ್ದಾಣ ಕೊಟ್ಟರು. ಮೆಟ್ಟಿಲು ಹತ್ತುವ ಮೊದಲು ರಸ್ತೆಯ ಕಡೆಗೇ ಮುಖ ಮಾಡಿದ ಉದ್ದನೆಯ ಗೋಡೆ. "ಮ್ಯಾಡಮ್, ಈ ಏರಿಯಾದ ಜೀವನ ಕಾಣಬೇಕು. ಜನ ನೋಡಿದ ಕೂಡಲೇ ಇದು ನಮ್ಮದು ಅನ್ನಬೇಕು," ಎಂದರು. ಆ ಮಾತು ನನಗೆ ಹಿಡಿಸಿತು. ಈಗ ನೆನೆದರೆ ಮೈ ಉರಿಯುತ್ತದೆ.

ಮೊದಲು ಬೇರೆ ನಿಲ್ದಾಣಗಳನ್ನು ನೋಡಿಕೊಂಡು ಬಂದೆ. ಒಂದೊಂದರಲ್ಲೂ ಇಳಿದು, ಗೋಡೆಗಳ ಮುಂದೆ ನಿಂತು, ಮುಂದಿನ ಗಾಡಿ ಹತ್ತುವುದು. ಒಂದು ಕಡೆ ಹುಲಿ, ಇನ್ನೊಂದು ಕಡೆ ಕಿತ್ತಳೆ, ಮತ್ತೊಂದು ಕಡೆ ಕಿತ್ತಳೆ ಗಿಡದ ಕೆಳಗೆ ಹುಲಿ. ಚೆನ್ನಾಗಿಯೇ ಇದ್ದವು. ಆದರೆ ಈ ಊರಿನಲ್ಲಿ ಮನುಷ್ಯರು ಇರುವುದೇ ಇಲ್ಲವೇನೋ ಎನಿಸುವಷ್ಟು ಹುಲಿಗಳು. ನಾನು ಮನುಷ್ಯರನ್ನೇ ಬರೆಯಬೇಕೆಂದು ನಿರ್ಧರಿಸಿದೆ.

ಏಪ್ರಿಲ್ ತಿಂಗಳು. ನಾಗಪುರದ ಬಿಸಿಲು ಕಂಡವರಿಗೆ ಹೇಳಬೇಕಾಗಿಲ್ಲ, ಕಾಣದವರಿಗೆ ಹೇಳಿದರೆ ನಂಬುವುದಿಲ್ಲ. ಹತ್ತು ಗಂಟೆಗೆಲ್ಲ ಡಾಂಬರು ಮೆತ್ತಗಾಗುತ್ತಿತ್ತು. ಹೆಂಗಸರು ಮುಖ ತಲೆ ಎಲ್ಲ ಓಢಣಿಯಲ್ಲಿ ಸುತ್ತಿ, ಕಣ್ಣು ಮಾತ್ರ ಬಿಟ್ಟುಕೊಂಡು ಸ್ಕೂಟರಿನಲ್ಲಿ ಹೋಗುತ್ತಿದ್ದರು. ನಾನೂ ಹಾಗೇ ಸುತ್ತಿಕೊಂಡು, ಜೇಬಿನಲ್ಲಿ ಒಂದು ಈರುಳ್ಳಿ ಇಟ್ಟುಕೊಂಡು (ಲೂ ಎಂಬ ಬಿಸಿಗಾಳಿ ಬಡಿಯಬಾರದೆಂದು ನೆರೆಮನೆಯ ಕಾಕೂ ಕೊಟ್ಟದ್ದು) ಬೆಳಿಗ್ಗೆ ಬೆಳಿಗ್ಗೆ ಅಲೆಯುತ್ತಿದ್ದೆ. ಸೀತಾಬರ್ಡಿಯ ಇಕ್ಕಟ್ಟು ಅಂಗಡಿ ಸಾಲು, ಕಾಟನ್ ಮಾರ್ಕೆಟ್ಟಿನ ಹಮಾಲರು, ಮಹಾಲಿನ ಹಳೆಯ ವಾಡೆಗಳ ಕೆತ್ತನೆಯ ಕಂಬಗಳು, ಗೋಕುಲಪೇಠಿನ ತರಕಾರಿಯವರು. ಒಂದು ದಿನ ಬಸವರಾಜರನ್ನೂ ಎಳೆದುಕೊಂಡು ಒಂದು ಸಾವಜಿ ಖಾನಾವಳಿಗೆ ಹೋದೆ. ಅಲ್ಲಿನ ಕರಿ ಮಸಾಲೆಯ ಸಾರು ಒಂದು ತುತ್ತು ಬಾಯಿಗಿಟ್ಟವರೇ ಅವರು, "ಇದು ಊಟಲ್ಲ ಗಿರಿಜಾ, ಶಿಕ್ಷಾ," ಎಂದು ಕಣ್ಣೊರೆಸಿಕೊಂಡರು. ಮತ್ತೆರಡು ಸಲ ಬಡಿಸಿಕೊಂಡದ್ದೂ ಅವರೇ.

ಕಾಂತಾಬಾಯಿ ಸಿಕ್ಕಿದ್ದು ನಿಲ್ದಾಣದ ಕೆಳಗೇ, ಗೋಡೆಗೆ ಎದುರಾಗಿ. ಬೇವಿನ ಗಿಡದ ನೆರಳಿನಲ್ಲಿ ತಳ್ಳುಗಾಡಿ. ಗಾಡಿಯ ಮೇಲೆ ಒಂದು ಕಡೆ ಪೋಹೆಯ ಗುಡ್ಡ, ಇನ್ನೊಂದು ಕಡೆ ಇದ್ದಿಲಿನ ಸಿಗಡಿ ಒಲೆಯ ಮೇಲೆ ಕುದಿಯುವ ತರ್ರಿಯ ದೊಡ್ಡ ಪಾತ್ರೆ. ಆಸ್ಪತ್ರೆಗಳಿಗೆ ಬಂದ ಹಳ್ಳಿಯ ಜನ, ರಾತ್ರಿ ಪಾಳಿ ಮುಗಿಸಿದ ನರ್ಸುಗಳು, ಆಟೋದವರು, ಕೋಟು ಹಾಕಿದ ವಕೀಲರು ಎಲ್ಲ ನಿಂತೇ ತಿನ್ನುತ್ತಿದ್ದರು. ನಾನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತ ನಿಂತಿದ್ದೆ. ಫೋನು ಇಟ್ಟದ್ದೇ ತಡ, ರಸ್ತೆಯ ಆಚೆಗೂ ಕೇಳುವಂಥ ದನಿಯಲ್ಲಿ ಆಕೆ ಕೂಗಿದಳು:

"ಏ ತಂಗಿ! ಕನ್ನಡದಾಕಿ ಅದೀ ಏನು?"

ನಾನು ಬೆಚ್ಚಿದೆ. "ಹೌದ್ರಿ. ನೀವು?"

"ಸೊಲ್ಲಾಪುರ ನಂದು. ತವರುಮನಿ ಮಾತು ಇದ. ಇಲ್ಲಿ ಲಗ್ನ ಆಗಿ ಬಂದ ಮ್ಯಾಲ ಯಾರ ಸಂಗಾಟ ಮಾತಾಡ್ಲಿ? ಬಾ ಇಲ್ಲಿ, ಖಾ ಬಗೂ, ತಿನ್ನು!"

ಸೊಲ್ಲಾಪುರದ ಮಿಲ್ಲಿನ ಚಾಳಿನಲ್ಲಿ ಹುಟ್ಟಿ, ನಾಗಪುರದ ಮಿಲ್ಲು ಕೆಲಸಗಾರನನ್ನು ಮದುವೆಯಾಗಿ ಬಂದವಳು. ಮಿಲ್ಲು ಮುಚ್ಚಿತು, ಮುಂದೆ ಗಂಡನೂ ಹೋದ. ಮಕ್ಕಳಿಲ್ಲ. ಗಾಡಿ ಉಳಿಯಿತು. ಮೆಟ್ರೋ ಕಂಬಗಳು ಏಳುವುದಕ್ಕೆ ಎಷ್ಟೋ ಮೊದಲಿನಿಂದ ಆಕೆ ಅದೇ ಗಿಡದ ಕೆಳಗಿದ್ದಳು. ನಾನು ಕಾಂತಕ್ಕ ಎನ್ನತೊಡಗಿದೆ. ಆಕೆಯ ಕನ್ನಡ ಅರ್ಧ ಮರಾಠಿ, ನಡುನಡುವೆ ಹಿಂದಿ; ಮರೆತ ಮಾತು ಹೊಳೆಯದೇ ಹೋದಾಗ ಸೌಟು ಎತ್ತಿ ಹಿಡಿದು ನಿಂತುಬಿಡುತ್ತಿದ್ದಳು, ಗಿರಾಕಿಗಳು ಕಾಯಬೇಕು. "ತಡಿಯೋ, ಜಲ್ದಿ ಏನೈತಿ ನಿಂಗ? ಹಾಂ, ಕೊತ್ತಂಬರಿ! ಕೋಥಿಂಬೀರ್‌ಗೆ ಕೊತ್ತಂಬರಿ!" ಎಂದು ಗೆದ್ದವಳಂತೆ ಕೂಗುತ್ತಿದ್ದಳು.

ನನ್ನ ಗೋಡೆಯ ನಡುವೆ ಯಾರಿರಬೇಕೆಂದು ಆಗಲೇ ಗೊತ್ತಾಗಿಹೋಗಿತ್ತು.

ಚಿತ್ರ ಬರೆಯಲೇ ಎಂದು ಕೇಳಿದಾಗ ಆಕೆ ಮೊದಲು ನಕ್ಕಳು, ಆಮೇಲೆ ಮರುದಿನ ಹಸಿರು ಜರಿ ಸೀರೆ ಉಟ್ಟು ಬಂದಳು. ಒಲೆಯ ಮುಂದೆ ಬೆವರುತ್ತ, ಸೌಟು ಹಿಡಿದು ನೆಟ್ಟಗೆ ನಿಂತಳು. ಆಕೆಯ ಬಲಗೈಯ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಕಲೆ ಇತ್ತು. ಹಿಂದೆ ಯಾವಾಗಲೋ ಎಣ್ಣೆ ಹಾರಿದ್ದು. ನಾನು ಸೆರಗು ಅದರ ಮೇಲೆ ಬರಲಿ ಎಂದು ಸರಿಪಡಿಸಹೋದೆ. ಆಕೆ ಕೈ ಹಿಂದಕ್ಕೆಳೆದುಕೊಂಡಳು.

"ಮುಚ್ಚಬ್ಯಾಡ. ಇದನ್ನೂ ಬರಿ. ಬಂಗಾರದ ಪಾಟ್ಲಿ ಹಾಕ್ಕೊಳ್ಳಲಿಲ್ಲ, ಇದ ನನ್ನ ಪಾಟ್ಲಿ."

ಜೂನಿನಲ್ಲಿ ಮಳೆ ಬಂತು. ಗೋಡೆಯ ಮೇಲೆ ಮಾಡು ಇದ್ದುದರಿಂದ ಕೆಲಸ ನಿಲ್ಲಲಿಲ್ಲ. ನಾನು ಅಟ್ಟಣಿಗೆಯ ಮೇಲೆ, ಕೆಳಗೆ ರಸ್ತೆಯಲ್ಲಿ ಕೆಂಪು ನೀರು, ಎದುರಿಗೆ ತಾಡಪತ್ರಿಯ ಕೆಳಗೆ ಕಾಂತಕ್ಕನ ಸಿಗಡಿಯ ಹೊಗೆ. ಹಮಾಲರು, ವಾಡೆಯ ಕಂಬಗಳು, ಮಾರಬತ ಬೊಂಬೆಗಳ ಮೆರವಣಿಗೆ, ತರಕಾರಿಯವರು ಎಲ್ಲ ಒಬ್ಬೊಬ್ಬರಾಗಿ ಬಂದು ನಿಂತರು. ಗಾಡಿ, ಪಾತ್ರೆ, ತಟ್ಟೆ ಹಿಡಿದ ಗಿರಾಕಿಗಳು ಬಂದರು. ಕೊನೆಗೆ ಆಳೆತ್ತರಕ್ಕಿಂತ ದೊಡ್ಡವಳಾಗಿ ಕಾಂತಕ್ಕ ಬಂದಳು. ಗಾಡಿ ಮುಚ್ಚಿದ ಮೇಲೆ ಆಕೆ ದಿನಾ ಒಂದು ಡಬ್ಬಿಯಲ್ಲಿ ನನಗೆಂದು ಎತ್ತಿಟ್ಟ ಪೋಹೆ ಹಿಡಿದುಕೊಂಡು ಬಂದು ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು. ಚಹಾದವನನ್ನು, ಹೂವಿನವಳನ್ನು, ಕಬ್ಬಿನ ಹಾಲಿನವನನ್ನು ಕರೆತಂದು ತೋರಿಸುತ್ತಿದ್ದಳು.

ಆಗಲೇ ಗಾಡಿಗಳನ್ನು ಎಬ್ಬಿಸುತ್ತಾರೆಂಬ ಸುದ್ದಿ ಹಬ್ಬಿತ್ತು. ಒಂದು ಮಧ್ಯಾಹ್ನ ಹೂವಿನವಳು ಅದನ್ನೇ ಹೇಳಿ ಅತ್ತಾಗ ಕಾಂತಕ್ಕ ಅವಳ ಬೆನ್ನು ತಟ್ಟಿದಳು.

"ಏ ಹುಚ್ಚಿ, ನೋಡಿಲ್ಲಿ. ಸರಕಾರದ ಗ್ವಾಡಿ ಮ್ಯಾಲ ನನ್ನ ಬರಸ್ಯಾರ. ಗಾಡಿ ಸಹಿತ ಬರಸ್ಯಾರ. ಎಬ್ಬಸಾವ್ರು ಇದ್ರ ಬರಸತಿದ್ರೇನು?" ನನ್ನ ಕಡೆ ತಿರುಗಿ, "ಬರೋಬರ್ ಹೌದಲ್ಲ ತಂಗಿ?" ಎಂದಳು.

ನನಗೂ ಹಾಗೇ ಅನಿಸಿತ್ತು. ಹೌದು ಎಂದೆ.

ಎತ್ತುಗಳನ್ನು ಪೂಜಿಸುವ ಪೋಳಾ ಹಬ್ಬದ ಮರುದಿನ ಮಾರಬತ. ಕಪ್ಪು, ಹಳದಿ ಬಣ್ಣದ ದೊಡ್ಡ ಬೊಂಬೆಗಳನ್ನು ಮೆರೆಸಿ, ಊರಿನ ಪೀಡೆಯನ್ನೆಲ್ಲ ಕೊಂಡುಹೋಗೆಂದು ಕೂಗಿ, ಕೊನೆಗೆ ಸುಡುವ ಹಬ್ಬ ಅದು. ಕಾಂತಕ್ಕ ನನ್ನ ಕೈ ಹಿಡಿದು ಇತವಾರಿ ಪೇಟೆಯ ಗದ್ದಲದೊಳಕ್ಕೆ ನುಗ್ಗಿದಳು. ಜನ ತಮ್ಮ ತಮ್ಮ ಕಷ್ಟದ ಹೆಸರು ಹಿಡಿದು ಕೂಗುತ್ತಿದ್ದರು: ರೋಗ ತಗೊಂಡು ಹೋಗು, ಲಂಚ ತಗೊಂಡು ಹೋಗು. ಕಾಂತಕ್ಕ ಏನು ಕೂಗಿದಳೋ ಡೋಲಿನ ಸದ್ದಿನಲ್ಲಿ ಕೇಳಲಿಲ್ಲ. ಕುತ್ತಿಗೆಯ ನರ ಉಬ್ಬುವವರೆಗೆ ಕೂಗಿದಳು.

ಗಣಪತಿ ಹಬ್ಬ ಕಳೆದ ಮೇಲೆ, ನಿಲ್ದಾಣದ ಉದ್ಘಾಟನೆ ಹತ್ತಿರವಿದ್ದಾಗ, ಪಾಲಿಕೆಯ ತೆರವಿನ ಲಾರಿ ಬಂತು. ನಾನು ಕೊನೆಯ ವಾರ್ನಿಶ್ ಹಚ್ಚಲೆಂದು ಆಟೋದಿಂದ ಇಳಿಯುವಾಗ ಕೆಲಸ ಅರ್ಧ ಮುಗಿದಿತ್ತು. ಹೂವಿನ ಬುಟ್ಟಿಗಳು ಲಾರಿಯಲ್ಲಿದ್ದವು, ಕಬ್ಬಿನ ಯಂತ್ರ ಲಾರಿಯಲ್ಲಿತ್ತು. ಕಾಂತಕ್ಕನ ಗಾಡಿಯನ್ನು ನಾಲ್ಕು ಜನ ಎತ್ತುತ್ತಿದ್ದರು. ಆಕೆ ಗೋಡೆಯ ಕಡೆ ಕೈ ಮಾಡಿ, "ಅರೇ ಬಘಾ ನಾ! ನಾನ ಅಲ್ಲಿ ಅದೀನಿ! ನೋಡ್ರಿ!" ಎಂದು ಕನ್ನಡ ಮರಾಠಿ ಕಲಸಿ ಅರಚುತ್ತಿದ್ದಳು. ಒಬ್ಬನು ಗೋಡೆಯನ್ನು ನೋಡಿದ, ಆಕೆಯನ್ನು ನೋಡಿದ, ನಕ್ಕ. ಗಾಡಿ ವಾಲಿತು. ತರ್ರಿಯ ಪಾತ್ರೆ ಉರುಳಿ ಸಾರೆಲ್ಲ ರಸ್ತೆಗೆ ಚೆಲ್ಲಿತು. ಕೆಂಪು ಎಣ್ಣೆಯಲ್ಲಿ ಕಡಲೆಕಾಳುಗಳು ಉರುಳುತ್ತ ಹೋಗಿ ಚರಂಡಿಯ ಜಾಲರಿಗೆ ಸಿಕ್ಕಿಕೊಂಡವು. ಕಾಂತಕ್ಕ ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದು ಎಳೆದಳು. ಅದನ್ನೂ ಕಿತ್ತುಕೊಂಡರು.

ನಾನು ಗಾವಂಡೆಯವರಿಗೆ ಫೋನು ಮಾಡಿದೆ. ಅವರು ಆ ಸಂಜೆ ನಮ್ಮಿಬ್ಬರನ್ನೂ ತಮ್ಮ ಮೇಲಿನವರೊಬ್ಬರ ಹತ್ತಿರ ಕರೆದೊಯ್ದರು. ಆ ಸಾಹೇಬರು ನನಗೆ ಕುರ್ಚಿ ಹಾಕಿಸಿದರು, ಕಾಂತಕ್ಕನಿಗೆ ಹಾಕಿಸಲಿಲ್ಲ. ನಾನೂ ಕೂರಲಿಲ್ಲ. ಮೊಬೈಲಿನಲ್ಲಿ ನನ್ನ ಚಿತ್ರ ತೆರೆದು, "ಏನು ಕೆಲಸ ಮಾಡಿದ್ದೀರಿ ಮ್ಯಾಡಮ್! ಆ ಪೋಹೆವಾಲಿಯಂತೂ ಜೀವಂತ!" ಎಂದು ಹೊಗಳಿದರು.

"ಸರ್, ಆ ಪೋಹೆವಾಲಿ ಇವರೇ," ಎಂದೆ.

ಅವರು ಆಕೆಯ ಕಡೆ ಕಣ್ಣು ಹಾಯಿಸಿದರು. ಬೇಸರವೇನೂ ಮಾಡಿಕೊಳ್ಳಲಿಲ್ಲ. ತಾಳ್ಮೆಯಿಂದ, ಮಕ್ಕಳಿಗೆ ಹೇಳುವಂತೆ ಹೇಳಿದರು: "ನೋಡಿ, ಗೋಡೆಯ ಮೇಲಿರುವುದು ನಮ್ಮ ಸಂಸ್ಕೃತಿ. ರಸ್ತೆಯ ಮೇಲಿರುವುದು ಅತಿಕ್ರಮಣ. ಎರಡನ್ನೂ ಕಲಸಬೇಡಿ."

ಹಿಂದಿಯ ಆ ಮಾತು ಕಾಂತಕ್ಕನಿಗೆ ಪೂರ್ತಿ ಅರ್ಥವಾಯಿತು. ಹೊರಗೆ ಬಂದವಳು ನನಗಿಂತ ಮುಂದೆ ನಡೆದಳು. ಅಂಗೈಗಳಲ್ಲಿ ಬೊಬ್ಬೆ ಎದ್ದಿತ್ತು. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು, ಕೊನೆಗೆ ಅಂದಳು:

"ಹಂಗಾರ ನನ್ನ ತಗಿ ಅಲ್ಲಿಂದ."

"ಕಾಂತಕ್ಕಾ..."

"ತಗಿ ಅಂದ್ನಿ. ನನ್ನ ಗಾಡಿ ನಿಲ್ಲಾಕ ಜಾಗಾ ಇಲ್ಲಂದ್ರ, ನಾ ಯಾಕ ಅಲ್ಲಿ ನಿಂತು ಮಂದೀಗೆ ನಕ್ಕೋತ ಬಡಸ್ಲಿ? ನನ್ನ ಮಾರಿ ನಂದು. ನೀ ಬರದಾಕಿ, ನೀನ ತಗೀಬೇಕು."

ಮನೆಯಲ್ಲಿ ಹೇಳಿದೆ. ಬಸವರಾಜ ಕೈಯಲ್ಲಿದ್ದ ಚಹಾ ಕೆಳಗಿಟ್ಟರು.

"ಹುಚ್ಚೇನು ನಿನಗ? ಸರ್ಕಾರಿ ಗ್ವಾಡಿ ಐತಿ ಅದು. ನಾ ಸರ್ಕಾರಿ ನೌಕರ. ನಾಳೆ ಕೇಸ್ ಹಾಕಿದ್ರ?"

"ಆಕೀದು ಮಾರೀರಿ ಅದು."

"ಆಕೀಗೆ ಗಾಡಿ ವಾಪಸ್ ಬರತೈತೇನು ಅದರಿಂದ?"

"ಇಲ್ಲ."

"ಮತ್ತ?"

ಮರುದಿನ ಬೆಳಿಗ್ಗೆ ಬಿಳಿ ಪ್ರೈಮರಿನ ಡಬ್ಬಿ, ಅಗಲ ಬ್ರಶ್ಶು ತೆಗೆದುಕೊಂಡು ಹೋದೆ. ಕಾವಲುಗಾರ ದಿನಾ ನೋಡಿದ ಮುಖವೆಂದು ಏಣಿ ತಾನೇ ತಂದುಕೊಟ್ಟ. ಕಾಂತಕ್ಕ ಬಂದಿದ್ದಳು. ಕೈಗೆ ಬಟ್ಟೆ ಸುತ್ತಿಕೊಂಡು ಏಣಿಯ ಬುಡ ಹಿಡಿದು ನಿಂತಳು. ನಾನು ಮೇಲೇರಿ ಮೊದಲು ಮುಖಕ್ಕೆ ಬ್ರಶ್ಶು ಇಡಲಾರದೆ ಸೀರೆಯಿಂದ ಶುರುಮಾಡಿದೆ. ಆಮೇಲೆ ಸೌಟು, ಸೌಟು ಹಿಡಿದ ಕೈ, ಕೈಯ ಮೇಲಿನ ಕಲೆ. ಕಲೆಯನ್ನು ಬರೆಯಲು ನನಗೆ ಒಂದು ದಿನ ಹಿಡಿದಿತ್ತು. ಹೋಗಲು ಒಂದು ಎಳೆತ. ಕೊನೆಗೆ ಮುಖ. ಚಿತ್ರದ ಕಣ್ಣು ಮುಚ್ಚುವಾಗ ಕೆಳಗಿನಿಂದ ಆಕೆ, "ಹೂಂ," ಎಂದಳು, ಅಷ್ಟೇ.

ಇಳಿದು ನೋಡಿದೆವು. ಗಾಡಿ ಇತ್ತು, ಪಾತ್ರೆ ಇತ್ತು, ತಟ್ಟೆ ಚಾಚಿ ನಿಂತ ಗಿರಾಕಿಗಳಿದ್ದರು. ಬಡಿಸುವವಳ ಜಾಗದಲ್ಲಿ ಹೆಂಗಸಿನ ಆಕಾರದ ಬಿಳುಪು. ಕಾಂತಕ್ಕ ಅದನ್ನು ನೋಡುತ್ತ ನಿಂತು, ಬಹಳ ದಿನಗಳ ಮೇಲೆ ಮೊದಲ ಸಲ ನಗುವಂತೆ ಮುಖ ಮಾಡಿದಳು. "ಈಗ ಖರೇ ಆತು," ಎಂದಳು.

ಗಾವಂಡೆ ಫೋನಿನಲ್ಲಿ ನನ್ನನ್ನು ಬೈದ ಮಾತುಗಳನ್ನು ಬರೆಯಲಾರೆ. ಕೆಲಸದಿಂದ ತೆಗೆದರು, ಗೋಡೆಯ ಮೂಲೆಯಲ್ಲಿದ್ದ ನನ್ನ ಹೆಸರನ್ನೂ ತೆಗೆದರು. ಕೇಸು ಹಾಕಲಿಲ್ಲ, ಹಾಕಿದ್ದರೆ ಯಾಕೆಂದು ನಾಲ್ಕು ಜನಕ್ಕೆ ಗೊತ್ತಾಗುತ್ತಿತ್ತಲ್ಲ. ಬಸವರಾಜ ಒಂದಷ್ಟು ದಿನ ನನ್ನ ಜೊತೆ ಬೇಕಾದಷ್ಟೇ ಮಾತಾಡಿದರು. ನನಗೆ ಅದರ ದುಃಖವಿರಲಿಲ್ಲ. ಆ ಬಿಳಿ ಜಾಗ ಇರುವವರೆಗೂ ಜನ ಕೇಳುತ್ತಾರೆ, ಇಲ್ಲಿದ್ದವರು ಯಾರು, ಎಲ್ಲಿ ಹೋದರು ಎಂದು. ಹಾಗೆಂದುಕೊಂಡೇ ಇದ್ದೆ.

ದೀಪಾವಳಿಗೆ ಮೊದಲು ನಿಲ್ದಾಣ ತೆರೆಯಿತು. ಮರುದಿನ ಪತ್ರಿಕೆಯಲ್ಲಿ ಗೋಡೆಯ ಬಣ್ಣದ ಚಿತ್ರ ಬಂತು. ಬಡಿಸುವವಳು ಇದ್ದಳು.

ನಾನು ಹೋಗುವ ಹೊತ್ತಿಗೆ ಕಾಂತಕ್ಕ ಅಲ್ಲಿದ್ದಳು. ಆಕೆಗೂ ಯಾರೋ ಹೇಳಿದ್ದರು. ನಿಲ್ದಾಣದ ಮುಂದೆ ರಂಗೋಲಿ, ಹೊಸ ಹಾಸುಗಲ್ಲು, ಕುಂಡಗಳಲ್ಲಿ ಹೂಗಿಡ. ಬೇವಿನ ಗಿಡಕ್ಕೆ ಸುತ್ತ ಕಟ್ಟೆ ಕಟ್ಟಿ, ಕೂರಬಾರದೆಂದು ಕಬ್ಬಿಣದ ಮುಳ್ಳು ಕೂರಿಸಿದ್ದರು. ಗೋಡೆಯ ಮೇಲೆ ಬೇರೆ ಯಾರದೋ ಕೈಯಿಂದ ಒಬ್ಬ ಹುಡುಗಿಯನ್ನು ಬರೆಸಿದ್ದರು. ಬೆಳ್ಳಗಿನ ಬಣ್ಣ, ಮುಡಿ ತುಂಬ ಮಲ್ಲಿಗೆ, ಎಲ್ಲ ಹಲ್ಲೂ ಕಾಣುವ ನಗು. ಕೈಗಳು ಬೆಂಕಿಯನ್ನೇ ಕಾಣದ ಕೈಗಳು. ಕಾಲೇಜಿನ ಹುಡುಗಿಯರು ಆಕೆಯ ಪಕ್ಕ ನಿಂತು, ತಟ್ಟೆ ಚಾಚಿದಂತೆ ನಟಿಸುತ್ತ ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಕಾಂತಕ್ಕ ಸಿಟ್ಟಾಗುತ್ತಾಳೆಂದುಕೊಂಡೆ. ಆಕೆ ನಿಜಕ್ಕೂ ತಿಳಿಯದವಳಂತೆ ನನ್ನನ್ನು ಕೇಳಿದಳು:

"ಯಾರ ಈಕಿ? ನನ್ನ ಪಾತೇಲಿ ಮುಂದ ಯಾಕ ನಿಂತಾಳ?"

ಹುಡುಗಿಯೊಬ್ಬಳು ಬಂದು, "ಆಜಿ, ಸ್ವಲ್ಪ ಪಕ್ಕಕ್ಕೆ ಸರೀತೀರಾ, ಫೋಟೋದಲ್ಲಿ ಬರ್ತಿದೀರಿ," ಎಂದು ಮರಾಠಿಯಲ್ಲಿ ಮರ್ಯಾದೆಯಾಗಿಯೇ ಹೇಳಿದಳು. ಕಾಂತಕ್ಕ ಸರಿದಳು.

ಅದಾದ ಮೇಲೆ ಆಕೆ ಊರು ಬಿಟ್ಟಳು. ಸಾವನೇರಿನಲ್ಲಿ ಗಂಡನ ಕಡೆಯ ಯಾರೋ ಇದ್ದರು, ಕಲ್ಲಿದ್ದಲು ಗಣಿಯ ಕೆಲಸಗಾರರ ಮೆಸ್ಸೊಂದರಲ್ಲಿ ಆಕೆಗೆ ಕೆಲಸ ಕೊಡಿಸಿದ್ದರು. ಜನವರಿಯಲ್ಲಿ ನಮಗೆ ಹುಬ್ಬಳ್ಳಿಗೆ ವರ್ಗವಾಯಿತು. ಸಾಮಾನು ಕಟ್ಟುವಾಗ ಆಕೆಯನ್ನು ನೋಡಿಕೊಂಡೇ ಬರುತ್ತೇನೆ ಎಂದೆ. ಬಸವರಾಜ ಪೇಟೆಗೆ ಹೋದರು. ಕಿತ್ತಳೆಹಣ್ಣಿನ ಸಂತ್ರಾ ಬರ್ಫಿಯ ಒಂದು ಡಬ್ಬಿ ತಂದು ಕೈಗಿಟ್ಟು, "ಆಕೀಗೆ ಕೊಡು," ಎಂದರು.

ಬಸ್ಸಿಳಿದರೆ ಸಾವನೇರಿನ ರಸ್ತೆಯ ಮೇಲೆಲ್ಲ ಲಾರಿಗಳಿಂದ ಉದುರಿದ ಕರಿ ಧೂಳು. ಮೆಸ್ಸು ತಗಡಿನ ಶೆಡ್ಡು. ಹಿತ್ತಲಲ್ಲಿ ನಲ್ಲಿಯ ಕೆಳಗೆ ತಟ್ಟೆಗಳ ರಾಶಿ, ಅದರ ಹಿಂದೆ ಕಾಂತಕ್ಕ. ಅಡುಗೆ ಮಾಡುತ್ತಿದ್ದಾಳೆಂದುಕೊಂಡಿದ್ದೆ. ಆಕೆಯ ಕೈಗೆ ಸೌಟು ಕೊಟ್ಟಿರಲಿಲ್ಲ.

ನಾನು ಗೋಡೆಗೆ ಬರೆಯುವ ಮೊದಲು ಗಿಡದ ಕೆಳಗೆ ಕೂತು ಪೆನ್ಸಿಲಿನಲ್ಲಿ ಬರೆದುಕೊಂಡ ಆಕೆಯ ಚಿತ್ರಕ್ಕೆ ಕಟ್ಟು ಹಾಕಿಸಿ ತಂದಿದ್ದೆ. ಆಕೆ ಕೈ ಒರೆಸಿಕೊಂಡು ಅದನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು. ಗಾಜಿನ ಮೇಲೆ ಒದ್ದೆ ಬೆರಳಿನ ಗುರುತಾಯಿತು, ಸೆರಗಿನಿಂದ ಒರೆಸಿದಳು.

"ಚಲೋ ಬರದೀ. ಆದ್ರ ಇದನ್ನ ಎಲ್ಲಿ ಹಾಕ್ಲಿ? ಇಲ್ಲಿ ನಾ ಭಾಂಡೇವಾಲಿ. ಇದನ್ನ ನೋಡಿದ್ರ ನಗತಾರ. ನಿನ್ನ ಕಡೀನ ಇರ್ಲಿ."

ಬರ್ಫಿ ತೆಗೆದುಕೊಂಡಳು. ಒಂದು ತುಂಡು ಮುರಿದು ನನ್ನ ಬಾಯಿಗಿಟ್ಟಳು. ಹುಬ್ಬಳ್ಳಿ ಎಂದರೆ ಸೊಲ್ಲಾಪುರದಿಂದ ಎಷ್ಟು ದೂರ ಎಂದು ಕೇಳಿದಳು. ದೂರವೇನಲ್ಲ, ಒಂದು ಸಲ ಬಾ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದೆ.

"ಬ್ಯಾಡ ತಂಗಿ. ನೀನೂ ಮತ್ತ ಇಲ್ಲಿ ಬರಬ್ಯಾಡ. ನಿನ್ನ ಮ್ಯಾಲ ಸಿಟ್ಟಿಲ್ಲ ನಂಗ, ದೇವರಾಣೆ. ನೀ ಬಂದಿ ಅಂದ್ರ ಆ ರಸ್ತಾನ ಬಂದಂಗ ಆಗತೈತಿ. ಅದನ್ನ ಮರತ್ರ ನನ್ನ ಕೈ ನಡೀತಾವು. ಇಲ್ಲಂದ್ರ ಇಲ್ಲ."

ಅಷ್ಟರಲ್ಲಿ ಒಳಗಿನಿಂದ ಮೆಸ್ಸಿನ ಮಾಲೀಕ, ನನಗಿಂತಲೂ ಚಿಕ್ಕವನು, "ಏ ಮಾವಶೀ! ತಟ್ಟೆ ಎಲ್ಲಿ?" ಎಂದು ಕೂಗಿದ. ಕಾಂತಕ್ಕ ತಟ್ಟನೆ ಎದ್ದು ನಿಂತಳು. ತೊಳೆದ ತಟ್ಟೆಗಳನ್ನು ಎದೆಗೆ ಒತ್ತಿ ಹಿಡಿದುಕೊಂಡು, ತಲೆ ತಗ್ಗಿಸಿ, ಬಂದೆ ಎನ್ನುವಂತೆ "ಆಲೇ ಸಾಹೇಬ," ಎಂದಳು. ಪಕ್ಕದಲ್ಲೇ ನಿಂತ ನನಗೇ ಸರಿಯಾಗಿ ಕೇಳಲಿಲ್ಲ, ಅಷ್ಟು ಮೆಲ್ಲಗೆ.